ಏರ್‌ಬ್ಯಾಗ್ ಇರುವ ಸ್ಟೀರಿಂಗ್ ವೀಲ್ ಬಿಚ್ಚಲು ಯಾವ ದಾರಿ ಮೇಲು? ಮೂರು ಕಾರುಗಳಲ್ಲಿ ಮಾಡಿ ನೋಡಿದ ಹೋಲಿಕೆ

ಏರ್‌ಬ್ಯಾಗ್ ಇರುವ ಸ್ಟೀರಿಂಗ್ ವೀಲನ್ನು ಈವರೆಗೆ ಮೂರು ಕಾರುಗಳಲ್ಲಿ ಬಿಚ್ಚಿ ಮತ್ತೆ ಕೂರಿಸಿದ್ದೇನೆ. ಮೊದಲನೆಯದು ನನ್ನ ಹಳೇ ಕಾರು, ಚರ್ಮ ಕಿತ್ತುಹೋದ ವೀಲ್ ಬದಲಿಸಬೇಕಿತ್ತು. ಎರಡನೆಯದು ಅಣ್ಣನದು, ಇಂಡಿಕೇಟರ್ ಸ್ವಿಚ್ ಕೆಟ್ಟಿತ್ತು. ಮೂರನೆಯದು ಈಗ ನಾನು ಓಡಿಸುತ್ತಿರುವುದು, ಹಾರ್ನ್ ನಿಂತುಹೋಗಿ ಕ್ಲಾಕ್ ಸ್ಪ್ರಿಂಗ್ (ವೀಲಿನ ಹಿಂದಿರುವ ಸುರುಳಿ ಕೇಬಲ್) ಬದಲಿಸಬೇಕಾಯಿತು. ಒಂದೇ ಕೆಲಸಕ್ಕೆ ಮೂರು ಸಲವೂ ಬೇರೆ ಬೇರೆ ದಾರಿ ಹಿಡಿದಿದ್ದರಿಂದ ಹೋಲಿಸಿ ಹೇಳುವಷ್ಟು ಅನುಭವವಾಗಿದೆ. ಎಷ್ಟು ಬೇಗ ಬಿಚ್ಚಿತು ಎಂದು ನಾನು ಅಳೆಯುವುದಿಲ್ಲ. ವೀಲಿನ ಹಿಂದೆ ಕಣ್ಣಿಗೆ ಬೀಳದೆ ಕೂತಿರುವ ಭಾಗಗಳನ್ನು ಯಾವ ದಾರಿ ಉಳಿಸುತ್ತದೆ, ಯಾವುದು ಕೆಡಿಸುತ್ತದೆ ಎಂಬುದೇ ನನ್ನ ಅಳತೆ.

ಶುರು ಮಾಡುವ ಮೊದಲು ಒಂದು ಮಾತು. ಕಾರಿನ ಚಾಸಿ ನಂಬರ್ ಹಾಕಿ, ಅದರ ಏರ್‌ಬ್ಯಾಗ್ ಮೇಲೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸು ಕರೆಯುವುದು) ಇದೆಯೇ ಎಂದು ಕಂಪನಿಯ ಕಡೆಯಿಂದ ತಿಳಿದುಕೊಳ್ಳಿ. ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳಲ್ಲಿದ್ದ (ಬ್ಯಾಗ್ ಉಬ್ಬಿಸುವ ಭಾಗ) ಅಮೋನಿಯಂ ನೈಟ್ರೇಟ್, ವರ್ಷಗಟ್ಟಲೆ ಬಿಸಿಲು ತೇವ ಉಂಡು ಕೆಟ್ಟು, ಬ್ಯಾಗ್ ಉಬ್ಬುವಾಗ ಲೋಹದ ಚೂರುಗಳನ್ನು ಚಾಲಕನ ಮೇಲೆ ಎಸೆದಿತ್ತು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳು ಅದಕ್ಕಾಗಿ ವಾಪಸು ಹೋದವು. ನಿಮ್ಮದೂ ಆ ಪಟ್ಟಿಯಲ್ಲಿದ್ದರೆ ಸ್ಕ್ರೂ ಡ್ರೈವರ್ ಕೆಳಗಿಡಿ, ಅದನ್ನು ಕಂಪನಿಯವರೇ ಬದಲಿಸಲಿ.

ಕರೆಂಟ್ ತೆಗೆಯುವುದು: ಫ್ಯೂಸೋ, ಬ್ಯಾಟರಿಯೋ?

ಮೊದಲ ಕಾರಿನಲ್ಲಿ ಏರ್‌ಬ್ಯಾಗ್ ಫ್ಯೂಸ್ ಮಾತ್ರ ಕಿತ್ತೆ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಏನೂ ಅಳಿಸಿಹೋಗಲಿಲ್ಲ, ಅನುಕೂಲವೆನಿಸಿತು. ಆಮೇಲೆ ವೈರಿಂಗ್ ನಕ್ಷೆ ನೋಡಿದಾಗ ಎದೆ ಝಲ್ಲೆಂದಿತು. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್‌ಗೆ ಇನ್ನೊಂದು ಫ್ಯೂಸಿನಿಂದಲೂ ಕರೆಂಟ್ ಬರುತ್ತಿತ್ತು. ಅವತ್ತು ಏನೂ ಆಗಲಿಲ್ಲ ನಿಜ, ಆದರೆ ಅದನ್ನು ಸುರಕ್ಷಿತ ಕೆಲಸ ಅಂತ ನಾನು ಕರೆಯುವುದಿಲ್ಲ.

ಎರಡನೇ ಕಾರಿನಿಂದ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಅದು ಮತ್ತೆ ತಾನಾಗಿ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿಡುತ್ತೇನೆ. ಬಿಚ್ಚಿದ ಕೂಡಲೇ ಕೈ ಹಾಕಬಾರದು. ಡಿಕ್ಕಿಯಲ್ಲಿ ಬ್ಯಾಟರಿಯೇ ಜಜ್ಜಿಹೋದರೂ ಬ್ಯಾಗ್ ಉಬ್ಬಲೇಬೇಕು ಎಂದು ಕಂಟ್ರೋಲ್ ಯೂನಿಟ್ ಒಳಗೆ ಕೆಪಾಸಿಟರ್ ಇಟ್ಟಿರುತ್ತಾರೆ. ಅದರಲ್ಲಿ ತುಂಬಿರುವ ಕರೆಂಟ್ ಇಳಿಯಲು ಸಮಯ ಬೇಕು. ಮ್ಯಾನ್ಯುಯಲ್‌ಗಳಲ್ಲಿ ಕೆಲವು 90 ಸೆಕೆಂಡ್ ಅನ್ನುತ್ತವೆ, ಕೆಲವು 3 ನಿಮಿಷ, ಇನ್ನು ಕೆಲವು 10 ನಿಮಿಷ. ನಾನು 15 ನಿಮಿಷ ಕಾಯುತ್ತೇನೆ. ಮ್ಯಾನ್ಯುಯಲ್ ಅದಕ್ಕಿಂತ ಹೆಚ್ಚು ಹೇಳಿದರೆ ಅಷ್ಟು ಹೊತ್ತು. ರೇಡಿಯೋ ನೆನಪು ಹೋಗದಿರಲಿ ಎಂದು ಸಿಗುವ ಮೆಮೊರಿ ಸೇವರ್‌ಗಳನ್ನು ಈ ಕೆಲಸದಲ್ಲಿ ಮುಟ್ಟಲೇಬೇಡಿ. ಒಂದು ಕಡೆ ತೆಗೆದ ಕರೆಂಟನ್ನು ಅವು ಇನ್ನೊಂದು ಕಡೆಯಿಂದ ಒಳಗೆ ಬಿಡುತ್ತವೆ. ಹೀಗಾಗಿ ಇಲ್ಲಿ ಫ್ಯೂಸ್‌ಗೂ ಬ್ಯಾಟರಿಗೂ ನನ್ನ ಪಾಲಿಗೆ ಸ್ಪರ್ಧೆಯೇ ಇಲ್ಲ.

ಬ್ಯಾಟರಿ ಬಿಚ್ಚುವ ಮೊದಲೇ ಮುಂದಿನ ಚಕ್ರಗಳನ್ನು ನೇರ ಮಾಡಿಕೊಂಡಿರಬೇಕು. ಬಟನ್ ಸ್ಟಾರ್ಟ್ ಕಾರಾದರೆ ಸ್ಟೀರಿಂಗ್ ಲಾಕ್ ಬಿದ್ದಿಲ್ಲ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಏರ್‌ಬ್ಯಾಗ್: ಬೋಲ್ಟ್ ಬಗೆ, ಸ್ಪ್ರಿಂಗ್ ಬಗೆ

ಇದನ್ನು ಆರಿಸುವವರು ನಾವಲ್ಲ, ಕಾರು ಮಾಡಿದವರೇ ಆರಿಸಿರುತ್ತಾರೆ. ಮೊದಲ ಕಾರಿನಲ್ಲಿ ವೀಲಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ನಕ್ಷತ್ರದಾಕಾರದ ತೂತಿನ ಟಿ30 ಟಾರ್ಕ್ಸ್ ಬೋಲ್ಟ್. ದಾರಕ್ಕೆ ಅಂಟು ಹಾಕಿದ್ದರಿಂದ ಮೊದಲ ಸುತ್ತು ಗಟ್ಟಿ. ಉದ್ದ ಟಿ-ಹ್ಯಾಂಡಲ್ ಇದ್ದರೆ ಬಿಟ್ ನೆಟ್ಟಗೆ ಕೂರುತ್ತದೆ, ಗಿಡ್ಡ ಎಲ್-ಕೀಯಲ್ಲಿ ಓರೆಯಾಗಿ ಬೋಲ್ಟಿನ ತಲೆ ಸವೆಯುತ್ತದೆ. ಇದಿಷ್ಟೇ. ಬೋಲ್ಟ್ ಬಗೆ ನಿಧಾನವಾದರೂ ಏನಾಗುತ್ತಿದೆ ಎಂದು ಕೈಗೆ ಗೊತ್ತಾಗುತ್ತದೆ.

ಸ್ಪ್ರಿಂಗ್ ಬಗೆಯಲ್ಲೇ ಹೆಚ್ಚು ಜನ ಎಡವುವುದು. ವೀಲಿನ ಹಿಂಬದಿಯ ತೂತಿನೊಳಗೆ ಒಂದು ಉಕ್ಕಿನ ತಂತಿ ಏರ್‌ಬ್ಯಾಗಿನ ಕೊಕ್ಕೆಯನ್ನು ಹಿಡಿದಿರುತ್ತದೆ, ಅದನ್ನು ಪಕ್ಕಕ್ಕೆ ತಳ್ಳಿದರೆ ಆ ಬದಿ ಬಿಡುತ್ತದೆ. ಅಣ್ಣನ ಕಾರಿನಲ್ಲಿ ಚಪ್ಪಟೆ ಸ್ಕ್ರೂ ಡ್ರೈವರ್ ತೂರಿಸಿ ಅರ್ಧ ಗಂಟೆ ಒದ್ದಾಡಿದೆ. ತುದಿ ತಂತಿಯ ಮೇಲೆ ಜಾರಿ ಜಾರಿ ಪಕ್ಕದ ಪ್ಲಾಸ್ಟಿಕ್ ಕೆರೆಯಿತು. ಕಡೆಗೆ 5 ಮಿಲಿಮೀಟರಿನ ಉದ್ದ ಅಲೆನ್ ಕೀ ತೂರಿಸಿದೆ. ಅದರ ಮೈ ತಂತಿಗೆ ಆನಿಕೊಂಡಿತು. ಎಡಗೈಯಲ್ಲಿ ಏರ್‌ಬ್ಯಾಗಿನ ಅಂಚನ್ನು ಹಗುರಾಗಿ ಎಳೆದು ಹಿಡಿದು, ಬಲಗೈಯಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೆ ಸಾಕು, ಟಿಕ್ ಎಂದು ಆ ಮೂಲೆ ಎದ್ದಿತು. ಅಲೆನ್ ಕೀಯ ಸರಳಿನ ಮುಂದೆ ಚಪ್ಪಟೆ ತುದಿ ನಿಲ್ಲುವುದಿಲ್ಲ.

ಮೂರನೇ ಕಾರಿನಲ್ಲಿ ವೀಲನ್ನು ಕಾಲು ಸುತ್ತು ತಿರುಗಿಸದೆ ತೂತು ಕಾಣುವುದೇ ಇಲ್ಲ. ಕೀ ಲಾಕ್ ಬಿಟ್ಟ ಸ್ಥಾನದಲ್ಲಿರಲಿ, ಬ್ಯಾಟರಿ ಬಿಚ್ಚಿದ್ದರೆ ಅದರಿಂದ ತೊಂದರೆಯಿಲ್ಲ. ಒಂದು ಬದಿ ಬಿಡಿಸಿ, ಇನ್ನೊಂದು ಕಡೆಗೆ ತಿರುಗಿಸಿ ಬಿಡಿಸಿ, ಮತ್ತೆ ನೇರಕ್ಕೆ ತಂದು ನಿಲ್ಲಿಸಬೇಕು. ನೇರಕ್ಕೆ ತರುವುದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಏರ್‌ಬ್ಯಾಗ್ ಸಡಿಲವಾದ ಮೇಲೆ ಎಳೆಯಬೇಡಿ, ಅದು ಇನ್ನೂ ವೈರಿನಲ್ಲಿದೆ. ಬಾಗಿಲ ಚೌಕಟ್ಟಿನಲ್ಲಿ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡು ಕನೆಕ್ಟರಿಗೆ ಕೈ ಹಾಕಿ. ಕನೆಕ್ಟರ್ ನಡುವೆ ಉಗುರಿನಗಲದ ಒಂದು ಲಾಕ್ ಇರುತ್ತದೆ. ವಾಚ್ ರಿಪೇರಿಯ ಸ್ಕ್ರೂ ಡ್ರೈವರ್ ತುದಿಯಿಂದ ಅದನ್ನು ಮೇಲೆತ್ತಿದರೆ ಕನೆಕ್ಟರ್ ತಾನಾಗಿ ಬಿಡುತ್ತದೆ. ಎತ್ತದೆ ಎಳೆದರೆ ಅದು ಮುರಿಯುತ್ತದೆ. ಎರಡು ಹಂತದಲ್ಲಿ ಉಬ್ಬುವ ಬ್ಯಾಗಾದರೆ ಕನೆಕ್ಟರ್‌ಗಳೂ ಎರಡು. ಯಾವುದು ಎಲ್ಲಿತ್ತೆಂದು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಸರಿಯಾಗಿದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡುವ ಆಸೆ ಕೆಲವರಿಗೆ. ಬೇಡವೇ ಬೇಡ. ಒಳಗಿನ ಕಿಡಿ ಹೊತ್ತಿಸುವ ತಂತಿಯ ರೆಸಿಸ್ಟೆನ್ಸ್ ಸುಮಾರು 2 ಓಮ್. ಒಂದು ಆಂಪಿಯರಿಗೆ ತುಸು ಹೆಚ್ಚು ಕರೆಂಟ್ ಎರಡು ಮಿಲಿಸೆಕೆಂಡ್ ಹರಿದರೂ ಸಾಕು, ಅದು ಸಿಡಿಯುತ್ತದೆ.

ಹೊರಗೆ ತೆಗೆದ ಏರ್‌ಬ್ಯಾಗನ್ನು ಅದರ ಮುಖ ನಿಮ್ಮ ಮೈಯಿಂದ ಆಚೆಗೆ ತಿರುಗಿರುವಂತೆ ಹಿಡಿದು ಒಯ್ಯಿರಿ. ಇಡುವಾಗ ಮುಖ ಮೇಲಕ್ಕೆ. ಬೋರಲು ಹಾಕಿ ಇಟ್ಟರೆ, ಆಕಸ್ಮಾತ್ ಸಿಡಿದಾಗ ಹಿಂದಿನ ಲೋಹದ ಸಮೇತ ಇಡೀ ಪೆಟ್ಟಿಗೆಯೇ ಹಾರುತ್ತದೆ. ನಾನು ಬೇರೆ ಕೋಣೆಯಲ್ಲಿ ನೆಲದ ಮೇಲಿಟ್ಟು ಬಾಗಿಲು ಹಾಕಿಕೊಂಡು ಬರುತ್ತೇನೆ.

ನಟ್: ಉದ್ದ ಹಿಡಿಯೋ, ಇಂಪ್ಯಾಕ್ಟ್ ಗನ್ನೋ?

ಏರ್‌ಬ್ಯಾಗ್ ಹೋದ ಮೇಲೆ, ವೀಲನ್ನು ಶಾಫ್ಟಿಗೆ (ವೀಲ್ ಕೂರುವ ಹಲ್ಲಿನ ಸರಳು) ಬಿಗಿದಿರುವ ನಟ್ ಕಾಣುತ್ತದೆ. ಉದ್ದ ಹಿಡಿಯ ಸಾಕೆಟ್ ರೆಂಚಿನಲ್ಲಿ ಎರಡು ಕಾರು, ಪೆಟ್ಟು ಕೊಡುತ್ತ ನಟ್ ತಿರುಗಿಸುವ ಇಂಪ್ಯಾಕ್ಟ್ ಗನ್ನಿನಲ್ಲಿ ಒಂದು. ಗನ್ ಎರಡೇ ಸೆಕೆಂಡಿಗೆ ನಟ್ ಬಿಚ್ಚಿತು. ಆದರೆ ಅದರ ಪ್ರತಿ ಪೆಟ್ಟೂ ಕಾಲಂ (ಶಾಫ್ಟನ್ನು ಹಿಡಿದಿರುವ ಕಂಬ) ಬೇರಿಂಗ್‌ಗೆ ಹೋಗುವುದು ಕೈಗೇ ತಿಳಿಯುತ್ತಿತ್ತು. ಆ ಬೇರಿಂಗಿನ ಹತ್ತಿರವೇ ಕ್ಲಾಕ್ ಸ್ಪ್ರಿಂಗೂ ಎಷ್ಟೋ ಕಾರುಗಳಲ್ಲಿ ವೀಲ್ ಎಷ್ಟು ತಿರುಗಿದೆ ಎಂದು ಅಳೆಯುವ ಸ್ಟೀರಿಂಗ್ ಆ್ಯಂಗಲ್ ಸೆನ್ಸರೂ ಇವೆ. ಉದ್ದ ಹಿಡಿಗೆ ಇನ್ನೊಬ್ಬರು ಬೇಕು. ಅಣ್ಣ ಸೀಟಿನಲ್ಲಿ ಕೂತು ವೀಲನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದ, ನಾನು ಪಕ್ಕದಿಂದ ಒತ್ತಿದೆ. ಒಬ್ಬರೇ ಇದ್ದಾಗ ವೀಲ್ ತಿರುಗದಿರಲಿ ಎಂದು ಸ್ಟೀರಿಂಗ್ ಲಾಕಿನ ಮೇಲೆ ಭಾರ ಹಾಕುವುದು ಕೆಟ್ಟ ಅಭ್ಯಾಸ. ಲಾಕಿನ ಒಳಗಿನ ಗೂಟ ಅಷ್ಟು ಬಲ ತಡೆಯಲು ಮಾಡಿದ್ದಲ್ಲ. ನನ್ನ ಮತ ಉದ್ದ ಹಿಡಿಗೇ.

ನಟ್ ಸಡಿಲಿಸಿದ ಮೇಲೆ ಶಾಫ್ಟ್ ಮತ್ತು ವೀಲ್ ಎರಡರ ಮೇಲೂ ಸೇರಿ ಬರುವಂತೆ ಒಂದು ಗೆರೆ ಎಳೆಯಬೇಕು. ಮೊದಲ ಸಲ ಸೀಮೆಸುಣ್ಣದಲ್ಲಿ ಎಳೆದಿದ್ದೆ, ಗ್ರೀಸ್ ಕೈ ತಾಗಿ ಅಳಿಸಿಹೋಯಿತು. ಅಂದಾಜಿನ ಮೇಲೆ ಕೂರಿಸಿದ ವೀಲ್ ಒಂದು ಹಲ್ಲು ಆಚೆಗೆ ಕೂತು, ಕಾರು ನೇರ ಹೋಗುವಾಗ ಸ್ಟೀರಿಂಗ್ ಎಡಕ್ಕೆ ವಾಲಿತ್ತು. 36 ಹಲ್ಲಿನ ಶಾಫ್ಟಾದರೆ ಒಂದು ಹಲ್ಲಿಗೇ 10 ಡಿಗ್ರಿ ವ್ಯತ್ಯಾಸ. ಎಲ್ಲ ಮತ್ತೆ ಬಿಚ್ಚಬೇಕಾಯಿತು. ಈಗ ಬಿಳಿ ಪೇಂಟ್ ಪೆನ್ ಬಿಟ್ಟು ಬೇರೆ ಬಳಸುವುದಿಲ್ಲ.

ವೀಲ್: ಕೈ, ಪುಲ್ಲರ್, ಸುತ್ತಿಗೆ

ಕೈಯಿಂದ ಅಲ್ಲಾಡಿಸಿ ತೆಗೆಯುವುದಕ್ಕೆ ಒಂದೇ ಷರತ್ತು: ನಟ್ ಪೂರ್ತಿ ತೆಗೆಯಬಾರದು, ಎರಡು ಮೂರು ದಾರ ಹಿಡಿದಿರಬೇಕು. ಸೀಟಿನಲ್ಲಿ ನೆಟ್ಟಗೆ ಕೂತು, ವೀಲಿನ ಎರಡೂ ಪಕ್ಕ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಮ್ಮ ಕಡೆಗೆ ಎಳೆಯುತ್ತ ಹೋಗಿ. ತಿರುಗಿಸಬೇಡಿ, ಎಳೆಯಿರಿ. ಮೊದಲ ಕಾರಿನಲ್ಲಿ ಏಳೆಂಟು ಎಳೆತಕ್ಕೆ ಟಕ್ಕೆಂದು ಬಿಟ್ಟು, ವೀಲ್ ನಟ್ಟಿಗೆ ಬಡಿದು ನಿಂತಿತು. ನಟ್ ಇಲ್ಲದಿದ್ದರೆ ಅಷ್ಟೇ ಬಿರುಸಿನಲ್ಲಿ ಅದು ಬಂದು ಮುಖಕ್ಕೆ ಬಡಿಯುತ್ತಿತ್ತು, ಕ್ಲಾಕ್ ಸ್ಪ್ರಿಂಗಿನ ವೈರೂ ಕಿತ್ತುಹೋಗುತ್ತಿತ್ತು.

ಅಣ್ಣನ ಕಾರಿನಲ್ಲಿ ಹೀಗೆ ಇಪ್ಪತ್ತು ನಿಮಿಷ ಎಳೆದರೂ ಅಲ್ಲಾಡಲಿಲ್ಲ. ಪುಲ್ಲರ್ ತಂದೆವು. ವೀಲಿನ ನಡುಭಾಗದಲ್ಲಿ ಎರಡು ದಾರದ ತೂತುಗಳಿದ್ದವು. ಅವಕ್ಕೆ ಎರಡು ಬೋಲ್ಟ್ ಹಾಕಿ, ನಡುವಿನ ಸ್ಕ್ರೂವನ್ನು ಶಾಫ್ಟಿನ ತುದಿಗೆ ಆನಿಸಿ ಕಾಲು ಕಾಲು ಸುತ್ತು ಬಿಗಿಸುತ್ತ ಬಂದರೆ ವೀಲ್ ತಾನೇ ಮೇಲೇಳುತ್ತದೆ. ಎರಡು ಎಚ್ಚರ ಬೇಕು. ಪಕ್ಕದ ಬೋಲ್ಟ್‌ಗಳು ಐದು ಸುತ್ತಿಗಿಂತ ಒಳಗೆ ಹೋಗಬಾರದು, ಹೆಚ್ಚು ಹೋದರೆ ಹಿಂದಿರುವ ಕ್ಲಾಕ್ ಸ್ಪ್ರಿಂಗನ್ನು ತುದಿ ತಿವಿಯುತ್ತದೆ. ನಟ್ಟನ್ನು ಶಾಫ್ಟಿನ ತುದಿಯ ಮಟ್ಟಕ್ಕೆ ತಂದು ಬಿಟ್ಟರೆ ಅಲ್ಲಿನ ದಾರ ಹಾಳಾಗುವುದಿಲ್ಲ. ದಾರದ ತೂತೇ ಇಲ್ಲದ ವೀಲಿಗೆ ಉಗುರಿನ ಪುಲ್ಲರ್ ಹಾಕುವವರಿದ್ದಾರೆ. ವೀಲಿನ ಒಳಗಿನ ಚೌಕಟ್ಟು ಬಹಳ ಕಾರುಗಳಲ್ಲಿ ಮೆಗ್ನೀಸಿಯಂ ಇಲ್ಲವೇ ಅಲ್ಯೂಮಿನಿಯಂ ಎರಕ. ಉಗುರು ಕಚ್ಚಿದ ಕಡೆ ಅದು ಸೀಳಬಹುದು. ಮೂರನೇ ಕಾರಿಗೆ ತೂತಿರಲಿಲ್ಲ. ತಾಳ್ಮೆಯಿಂದ ಕೈಯಲ್ಲೇ ಎಳೆದೆ, ಬಂತು.

ಸುತ್ತಿಗೆಯನ್ನು ನಾನು ಹಿಡಿಯಲಿಲ್ಲ. ಆದರೆ ಅದರ ಫಲ ಏನೆಂದು ಅಣ್ಣನ ಕಾರಿನಲ್ಲೇ ಕಂಡೆ. ಹಿಂದೆ ಯಾರೋ ಶಾಫ್ಟಿನ ತುದಿಗೆ ಬಡಿದಿದ್ದರು. ತುದಿ ಅಣಬೆಯಂತೆ ಅರಳಿ, ನಟ್ ಕಡೆಯ ದಾರಗಳಲ್ಲಿ ಸಿಕ್ಕಿ ಕಿರುಗುಟ್ಟುತ್ತಿತ್ತು, ಕಾಲಂ ಹಿಡಿದು ಅಲ್ಲಾಡಿಸಿದರೆ ಸಣ್ಣಗೆ ಕುಲುಕುತ್ತಿತ್ತು. ಡಿಕ್ಕಿಯಾದಾಗ ಚಾಲಕನ ಎದೆಗೆ ಈಟಿಯಂತೆ ಚುಚ್ಚದೆ ಒಳಗೆ ಕುಸಿಯುವಂತೆ ಕಾಲಂ ಮಾಡಿರುತ್ತಾರೆ; ಜನರಲ್ ಮೋಟರ್ಸ್ 1967ರ ಮಾದರಿಗಳಿಂದಲೇ ಅಂಥದ್ದನ್ನು ತಂದಿತ್ತು. ಸುತ್ತಿಗೆಯ ಪೆಟ್ಟೂ ಬೀಳುವುದು ಅದೇ ದಿಕ್ಕಿಗೆ. ವೀಲ್ ಬರಲಿಲ್ಲವೆಂದರೆ ಗ್ಯಾರೇಜಿಗೆ ಒಯ್ಯಿರಿ, ಹೊಡೆಯಬೇಡಿ.

ಕ್ಲಾಕ್ ಸ್ಪ್ರಿಂಗಿಗೆ ಟೇಪು

ವೀಲ್ ಬಂದ ಖುಷಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇಲ್ಲಿ. ಕ್ಲಾಕ್ ಸ್ಪ್ರಿಂಗ್ ಎಂದರೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್. ವೀಲ್ ತಿರುಗಿದರೂ ಏರ್‌ಬ್ಯಾಗಿಗೂ ಹಾರ್ನಿಗೂ ಸಂಪರ್ಕ ತಪ್ಪದಂತೆ ಅದು ಬಿಚ್ಚಿಕೊಳ್ಳುತ್ತ ಸುತ್ತಿಕೊಳ್ಳುತ್ತ ಇರುತ್ತದೆ. ವೀಲ್ ಇಲ್ಲದಾಗ ಅದನ್ನು ಹಿಡಿಯುವವರಿಲ್ಲ. ಅಣ್ಣನ ಕಾರಿನಲ್ಲಿ ಇಂಡಿಕೇಟರ್ ಸ್ವಿಚ್ ತೆಗೆಯುವಾಗ ಅದು ತಿರುಗಿದ್ದು ನನಗೆ ಗೊತ್ತಾಗಲಿಲ್ಲ, ಹಾಗೇ ಕೂರಿಸಿದೆ. ಮಾರನೇ ದಿನ ಅಣ್ಣ ಕಾರು ಹಿಂದಕ್ಕೆ ತೆಗೆಯುತ್ತ ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದ. ಚರ್ ಎಂದು ಕೇಬಲ್ ಹರಿಯಿತು, ಹಾರ್ನ್ ಹೋಯಿತು, ಏರ್‌ಬ್ಯಾಗ್ ದೀಪ ಹತ್ತಿದ್ದು ಆರಲಿಲ್ಲ. ಅಂದರೆ ಹೊಸದು ಹಾಕುವವರೆಗೆ ಆ ಕಾರಿನಲ್ಲಿ ಅವನಿಗೆ ಏರ್‌ಬ್ಯಾಗ್ ರಕ್ಷಣೆ ಇರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಬೇಸರವಾಗುತ್ತದೆ.

ಈಗ ವೀಲ್ ಹೊರಬಂದ ಮರುಕ್ಷಣವೇ ಎರಡು ಪಟ್ಟಿ ಟೇಪ್ ಅಡ್ಡಡ್ಡ ಅಂಟಿಸುತ್ತೇನೆ. ಹೊಸ ಬಿಡಿಭಾಗವಾದರೆ ಅದಕ್ಕೆ ಲಾಕ್ ಪಿನ್ ಇರುವುದುಂಟು. ವೀಲ್ ಕೂರಿಸುವ ಹೊತ್ತಿನವರೆಗೂ ಅದನ್ನು ತೆಗೆಯಬೇಡಿ. ಅಕಸ್ಮಾತ್ ತಿರುಗಿಬಿಟ್ಟರೆ, ಒಂದು ಕಡೆಗೆ ಹಗುರಾಗಿ ತಡೆಯುವವರೆಗೆ ತಿರುಗಿಸಿ, ಅಲ್ಲಿಂದ ಮ್ಯಾನ್ಯುಯಲ್ ಹೇಳಿದಷ್ಟು ಸುತ್ತು ಹಿಂದಕ್ಕೆ ಬಂದು ಬಾಣದ ಗುರುತು ಎದುರುಬದುರು ಮಾಡಬೇಕು. ಎಷ್ಟೋ ಕಾರುಗಳಲ್ಲಿ ಅದು ಎರಡೂವರೆ ಸುತ್ತಿನ ಆಸುಪಾಸು.

ಮತ್ತೆ ಕೂರಿಸುವಾಗ

ನಟ್ಟನ್ನು ಗನ್ನಿನಲ್ಲಿ ಬಿಗಿಸಬೇಡಿ. ಬಹಳ ಕಾರುಗಳಿಗೆ 40ರಿಂದ 50 ನ್ಯೂಟನ್ ಮೀಟರ್ ಸಾಕು, ನಿಮ್ಮ ಕಾರಿನ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ನೋಡಿ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ನಟ್ಟಿನ ಬದಲು ಬೋಲ್ಟ್ ಇರುವ ಕೆಲವು ಕಾರುಗಳಲ್ಲಿ ಪ್ರತಿ ಸಲವೂ ಹೊಸ ಬೋಲ್ಟೇ ಹಾಕಬೇಕು. ಏರ್‌ಬ್ಯಾಗ್ ಕನೆಕ್ಟರ್ ಕೂರಿಸಿ ಅದರ ಲಾಕ್ ಒತ್ತಿ, ಬ್ಯಾಗನ್ನು ಅದರ ಜಾಗಕ್ಕೆ ಒತ್ತಿ ಕೂರಿಸಿ. ಬ್ಯಾಟರಿ ಎಲ್ಲಕ್ಕಿಂತ ಕೊನೆಗೆ, ಅದೂ ಕಾರಿನೊಳಗೆ ಯಾರೂ ಇಲ್ಲದಾಗ.

ಮೂರನೇ ಕಾರಿಗೆ ಬ್ಯಾಟರಿ ಜೋಡಿಸಿದ ಮೇಲೆ ಬಾಗಿಲ ಹೊರಗೇ ನಿಂತು, ತಲೆ ಎದೆ ವೀಲಿನ ಎದುರಿಗೆ ಬಾರದಂತೆ ಪಕ್ಕದಿಂದ ಕೈ ಚಾಚಿ ಕೀ ತಿರುಗಿಸಿದೆ. ಕೆಂಪು ಏರ್‌ಬ್ಯಾಗ್ ದೀಪ ಹತ್ತಿತು. ಒಂದು, ಎರಡು ಎಂದು ಎಣಿಸುತ್ತ ನಿಂತೆ. ಆರಕ್ಕೆ ಆರಿತು. ಇನ್ನೂ ಒಂದು ನಿಮಿಷ ನೋಡಿದೆ, ಮತ್ತೆ ಹತ್ತಲಿಲ್ಲ. ಆಮೇಲೆ ಒಳಗೆ ಕೂತು, ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಿ, ಎರಡೂ ಕೊನೆಯಲ್ಲಿ ಹಾರ್ನ್ ಒತ್ತಿ ನೋಡಿದೆ. ಎರಡು ಕಡೆಯೂ ಕೂಗಿತು.