ಆಟ ನಡೆಸುವ ಎಐಗೆ ಜೋಳಿಗೆ ಟೂಲ್‌ನ ಮೂರು ಬಗೆಯ ವಿವರಣೆ: ಯಾವುದು ಕೆಲಸಕ್ಕೆ ಬಂತು?

ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 5ನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದವು. ಯಾವ ಕತ್ತಿಗೆ ಎಷ್ಟು ತೂಕ, ಯಾವ ಔಷಧಿಗೆ ಎಷ್ಟು ಚಿನ್ನದ ನಾಣ್ಯ ಎಂಬ ಪಟ್ಟಿಯನ್ನು ಹವ್ಯಾಸಿಗಳೂ ನಿಶ್ಚಿಂತೆಯಿಂದ ಬಳಸುವಂತಾಯಿತು. ಅದನ್ನಿಟ್ಟುಕೊಂಡು ನಾನೊಂದು ಇನ್ವೆಂಟರಿ ಟೂಲ್, ಅಂದರೆ ಯಾರ ಬಳಿ ಏನಿದೆ ಎಂಬ ಲೆಕ್ಕ ಇಡುವ ಪ್ರೋಗ್ರಾಮ್ ಕಟ್ಟಿದೆ. ಕಥೆ ಹೇಳುತ್ತಾ ಆಟ ನಡೆಸುವ ಎಐ ಏಜೆಂಟ್ (ಟೂಲ್‌ಗಳನ್ನು ತಾನೇ ಕರೆದು ಕೆಲಸ ಮಾಡುವ ಎಐ) ಪಾತ್ರಗಳ ಜೋಳಿಗೆಗೆ ಏನೇ ಸೇರಿಸಲಿ, ಏನೇ ತೆಗೆಯಲಿ, ಈ ಟೂಲ್ ಮೂಲಕವೇ ಮಾಡಬೇಕು. ಕೋಡ್ ಬೇಗ ಮುಗಿಯಿತು. ಸಮಯ ತಿಂದದ್ದು ಡಾಕ್ಯುಮೆಂಟೇಶನ್, ಅಂದರೆ ಟೂಲನ್ನು ಬಳಸುವುದು ಹೇಗೆಂಬ ವಿವರಣೆ. ಮನುಷ್ಯರಾದರೆ ಅರ್ಥವಾಗದಿದ್ದಾಗ ಕೇಳುತ್ತಾರೆ. ಏಜೆಂಟ್ ಬಹಳ ಸಲ ಕೇಳುವುದಿಲ್ಲ, ಊಹಿಸಿ ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಒಂದೇ ಟೂಲನ್ನು ಮೂರು ರೀತಿಯಲ್ಲಿ ವಿವರಿಸಿ, ಒಂದೇ ಗುಹೆಯ ಕಥೆಯನ್ನು ಆಡಿಸಿ ನೋಡಿದೆ.

ಮೊದಲನೆಯದು, ಆಟ ಶುರುವಾಗುವ ಮುನ್ನ ಏಜೆಂಟ್‌ಗೆ ಕೊಡುವ ಸೂಚನೆಯಾದ ಸಿಸ್ಟಮ್ ಪ್ರಾಂಪ್ಟ್‌ನಲ್ಲಿ ಉದ್ದನೆಯ ಕೈಪಿಡಿ. ಎಲ್ಲ ನಿಯಮಗಳೂ ಒಂದೇ ಕಡೆ ಇರುತ್ತವೆ, ಓದಲು ಚೆಂದ. ಆಟದ ಆರಂಭದಲ್ಲಿ ಏಜೆಂಟ್ ಅಚ್ಚುಕಟ್ಟಾಗಿ ನಡೆದುಕೊಂಡಿತು. ಮಾತುಕತೆ ಬೆಳೆದಂತೆ ಕೈಪಿಡಿಯ ಹಿಡಿತ ಸಡಿಲವಾಯಿತು. ಗಾಬ್ಲಿನ್‌ಗಳ ಜೊತೆ ಕಾದಾಟದ ನಡುವೆ ಯೋಧ ಹೀಲಿಂಗ್ ಪೋಶನ್ (ಗಾಯ ಮಾಯಿಸುವ ಮದ್ದು) ಕುಡಿದನೆಂದು ಏಜೆಂಟ್ ಸೊಗಸಾಗಿ ವರ್ಣಿಸಿತು, ನಾಲ್ಕು ಮುಖದ ಎರಡು ದಾಳ ಉರುಳಿಸಿ 2 ಕೂಡಿಸಿ ಪ್ರಾಣಾಂಕವನ್ನೂ ಏರಿಸಿತು, ಆದರೆ ಟೂಲನ್ನು ಕರೆಯಲೇ ಇಲ್ಲ. 50 ಚಿನ್ನದ ನಾಣ್ಯದ ಸೀಸೆ ಜೋಳಿಗೆಯಲ್ಲೇ ಉಳಿಯಿತು. ಮುಂದಿನ ಕಾದಾಟದಲ್ಲಿ ಅದನ್ನೇ ಮತ್ತೆ ಕುಡಿಸಿತು.

ಎರಡನೆಯದು, ಪೈಥಾನ್ ಫಂಕ್ಷನ್‌ನ ಡಾಕ್‌ಸ್ಟ್ರಿಂಗ್, ಅಂದರೆ ಕೋಡಿನೊಳಗೇ ಬರೆಯುವ ಪುಟ್ಟ ವಿವರಣೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಬಿಡುಗಡೆ ಮಾಡಿದ, ಎಐಯನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ಗೆ ಸರ್ವರ್ (ಟೂಲ್ ಒದಗಿಸುವ ಪ್ರೋಗ್ರಾಮ್) ಬರೆಯುವವರಿಗೆ ಇದು ಸುಲಭದ ದಾರಿ. ಡಾಕ್‌ಸ್ಟ್ರಿಂಗ್ ತಾನಾಗಿಯೇ ಟೂಲ್‌ನ ವಿವರಣೆಯಾಗುತ್ತದೆ. ಕೈಪಿಡಿಗಿಂತ ಇದು ಎಷ್ಟೋ ಮೇಲು. ತೊಂದರೆ ಬಂದದ್ದು ನಾವು ಡಾಕ್‌ಸ್ಟ್ರಿಂಗನ್ನು ಸಹೋದ್ಯೋಗಿಗೆ ಬರೆದಂತೆ ಬರೆಯುತ್ತೇವೆ ಎಂಬುದರಿಂದ. ‘ವಸ್ತುವನ್ನು ತೆಗೆದುಹಾಕುತ್ತದೆ’ ಎಂದಷ್ಟೇ ಇದ್ದರೆ, ಯಾವಾಗ ಕರೆಯಬೇಕೆಂದು ಏಜೆಂಟ್‌ಗೆ ತಿಳಿಯುವುದು ಹೇಗೆ? ಹೆಸರಿನದೂ ಗೋಜಲು. ಒಮ್ಮೆ ‘ಹೀಲಿಂಗ್ ಪೋಶನ್’, ಇನ್ನೊಮ್ಮೆ ‘ಪೋಶನ್ ಆಫ್ ಹೀಲಿಂಗ್’, ಮತ್ತೊಮ್ಮೆ ‘ಕೆಂಪು ಸೀಸೆ’ ಎಂದು ಕಳಿಸಿ, ಒಂದೇ ವಸ್ತುವಿಗೆ ಮೂರು ನಮೂದು ಮಾಡಿಟ್ಟಿತ್ತು.

ಮೂರನೆಯದು ನನ್ನ ಆಯ್ಕೆ: ಟೂಲ್‌ಗೆ ಏನೇನು ಕಳಿಸಬೇಕೆಂದು ಹೇಳುವ ನಮೂನೆಯಾದ ಜೇಸನ್ ಸ್ಕೀಮಾದಲ್ಲಿ ಪ್ರತಿ ಪ್ಯಾರಾಮೀಟರ್‌ನ (ಕಳಿಸುವ ಪ್ರತಿ ಮಾಹಿತಿಯ) ಪಕ್ಕದಲ್ಲೇ ಅದರ ವಿವರಣೆ. ವಸ್ತುವಿನ ಐಡಿಗೆ ಹೀಗೆ ಬರೆದೆ: ‘ಪಟ್ಟಿ ನೋಡುವ ಟೂಲ್ ಕೊಟ್ಟ ಐಡಿಯನ್ನೇ ಕಳಿಸಿ. ಹೆಸರನ್ನು ಊಹಿಸಬೇಡಿ.’ ತೆಗೆಯುವ ಟೂಲ್‌ಗೆ: ‘ಕಥೆಯಲ್ಲಿ ವಸ್ತು ಖರ್ಚಾಗುವುದನ್ನು, ಕಳೆದುಹೋಗುವುದನ್ನು ವರ್ಣಿಸುವ ಮೊದಲೇ ಇದನ್ನು ಕರೆಯಿರಿ. ಕತ್ತಿ ಒರೆಯಿಂದ ಹೊರಬಂದಾಗ ಕರೆಯಬೇಡಿ.’ ಆ ಕೊನೆಯ ಸಾಲಿನ ಬೆಲೆ ದೊಡ್ಡದು. ಯಾವಾಗ ಬಳಸಬಾರದು ಎಂಬುದನ್ನು ಬರೆದ ಮೇಲೆ ಅನಗತ್ಯ ಕರೆಗಳು ಗಣನೀಯವಾಗಿ ತಗ್ಗಿದವು. ವಸ್ತುವನ್ನು ಏಕೆ ತೆಗೆಯುತ್ತಿದೆ ಎಂದು ತುಂಬುವ ಜಾಗಕ್ಕೆ ‘ಬಳಕೆ, ಮಾರಾಟ, ಕಳವು, ಕೊಡುಗೆ’ ಎಂಬ ನಾಲ್ಕೇ ಆಯ್ಕೆಯ ಪಟ್ಟಿ ಕೊಟ್ಟದ್ದರಿಂದ ಮನಸ್ಸಿಗೆ ಬಂದದ್ದನ್ನು ತುಂಬುವುದೂ ನಿಂತಿತು.

ಇದರ ಜೊತೆಗೆ ಎರರ್ ಸಂದೇಶವನ್ನೂ ಡಾಕ್ಯುಮೆಂಟೇಶನ್ ಎಂದೇ ಪರಿಗಣಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಏಜೆಂಟ್ ಅತ್ಯಂತ ಗಮನವಿಟ್ಟು ಓದುವುದು ತಾನು ಎಡವಿದ ಕ್ಷಣದಲ್ಲಿ ಬಂದ ಉತ್ತರವನ್ನು. ಉದಾಹರಣೆಗೆ, ಆಟದ ನಿಯಮದಂತೆ ಶಕ್ತಿ 10 ಇರುವ ಪಾತ್ರ ಹೊರಬಲ್ಲದ್ದು ಶಕ್ತಿಯ 15 ಪಟ್ಟು, ಅಂದರೆ 150 ಪೌಂಡ್. 120 ಪೌಂಡ್ ಹೊತ್ತವನಿಗೆ 55 ಪೌಂಡ್‌ನ ಚೈನ್ ಮೇಲ್ ಕವಚ ಸೇರಿಸಹೊರಟಾಗ ಟೂಲ್ ಬರೀ ‘ವಿಫಲ’ ಎಂದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತದೆ. ‘25 ಪೌಂಡ್ ಹೆಚ್ಚಾಗುತ್ತದೆ. ಏನನ್ನು ಬಿಡುತ್ತೀರೆಂದು ಆಟಗಾರರನ್ನು ಕೇಳಿ’ ಎಂದಾಗ ನಿಜಕ್ಕೂ ಕೇಳಿತು. ಅಲ್ಲಿಂದ ಮುಂದೆ ಕಥೆಯಲ್ಲೇ ಒಂದು ಒಳ್ಳೆಯ ಜಗಳ ಹುಟ್ಟಿತು, ಹಗ್ಗ ಬಿಡುವುದೋ ಗುರಾಣಿ ಬಿಡುವುದೋ ಎಂದು.

ಮೂರನೆಯದಕ್ಕೂ ಖರ್ಚಿದೆ. ಟೂಲ್‌ಗಳ ವಿವರಣೆ ಪ್ರತಿ ವಿನಂತಿಯ ಜೊತೆಗೂ ಮಾಡೆಲ್‌ಗೆ ಹೋಗುತ್ತದೆ, ಪದ ಹೆಚ್ಚಿದಷ್ಟೂ ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು) ಹೆಚ್ಚು. ಟೂಲ್‌ಗಳು ಎರಡು ಮೂರೇ ಇದ್ದು, ಆಟ ಒಂದು ಸಂಜೆಗೆ ಮುಗಿಯುವಂಥದ್ದಾದರೆ ಡಾಕ್‌ಸ್ಟ್ರಿಂಗ್ ಸಾಕು. ಸಿಸ್ಟಮ್ ಪ್ರಾಂಪ್ಟನ್ನೂ ನಾನು ಪೂರ್ತಿ ಕೈಬಿಟ್ಟಿಲ್ಲ. ‘ಜೋಳಿಗೆಯ ವಿಷಯದಲ್ಲಿ ಟೂಲ್ ಹೇಳಿದ್ದೇ ಸತ್ಯ, ನಿಮ್ಮ ನೆನಪಲ್ಲ’ ಎಂಬ ಒಂದು ವಾಕ್ಯ ಅಲ್ಲೇ ಇದೆ.

ಇನ್ನು ಕೆಲವು ನಿಯಮಗಳನ್ನು ಯಾವ ವಿವರಣೆಗೂ ಹಾಕದೆ ಕೋಡಿಗೇ ಒಪ್ಪಿಸುವುದು ಲೇಸು. ಒಬ್ಬ ಪಾತ್ರ ಒಮ್ಮೆಗೆ ಮೂರು ಮಾಂತ್ರಿಕ ವಸ್ತುಗಳಿಗಿಂತ ಹೆಚ್ಚಿಗೆ ಅಟ್ಯೂನ್ (ಅವುಗಳ ಶಕ್ತಿ ಪಡೆಯಲು ಬೆಸೆದುಕೊಳ್ಳುವುದು) ಆಗುವಂತಿಲ್ಲ. ಹೊರಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಜಾಗವಿರುವ ಮಾಂತ್ರಿಕ ಚೀಲವಾದ ಬ್ಯಾಗ್ ಆಫ್ ಹೋಲ್ಡಿಂಗನ್ನು, ಹೊತ್ತೊಯ್ಯಬಹುದಾದ ಮಾಂತ್ರಿಕ ಗುಂಡಿಯಾದ ಪೋರ್ಟಬಲ್ ಹೋಲ್‌ನೊಳಗೆ ಇಟ್ಟರೆ ಎರಡೂ ನಾಶವಾಗಿ ಆಸ್ಟ್ರಲ್ ಲೋಕಕ್ಕೆ ಬಾಗಿಲು ತೆರೆಯುತ್ತದೆ. ಇಂಥವನ್ನು ಸರ್ವರ್ ತಾನೇ ಲೆಕ್ಕ ಹಾಕಿ, ಆದದ್ದೇನೆಂದು ಉತ್ತರದಲ್ಲಿ ತಿಳಿಸುತ್ತದೆ; ಏಜೆಂಟ್ ಅದನ್ನು ಕಥೆಯಾಗಿಸಿದರೆ ಆಯಿತು.