ಎಪಿ ವರ್ಲ್ಡ್ ಹಿಸ್ಟರಿ: ಅಂಕದ ಅಳತೆಗೋಲು ಮತ್ತು ತರಗತಿಯ ನಿಯಮಗಳು, ಪೋಷಕರೊಬ್ಬರ ವಿಮರ್ಶೆ

ಅಮೆರಿಕದ ಪ್ರೌಢಶಾಲೆಗಳಲ್ಲಿ ಕಾಲೇಜು ಮಟ್ಟದ ಇತಿಹಾಸ ಕಲಿಸುವ ‘ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ವರ್ಲ್ಡ್ ಹಿಸ್ಟರಿ: ಮಾಡರ್ನ್’ ಕೋರ್ಸನ್ನು ಹಲವು ಶಾಲೆಗಳು ಹತ್ತನೆಯ ತರಗತಿಯಲ್ಲಿ ನೀಡುತ್ತವೆ. ನನ್ನ ಮಗಳು ಅದನ್ನು ಒಂದು ಸರ್ಕಾರಿ ಶಾಲೆಯಲ್ಲಿ ಓದಿ ಮುಗಿಸಿದ್ದಾಳೆ. ಮಕ್ಕಳನ್ನು ಇದಕ್ಕೆ ಸೇರಿಸಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಇಲ್ಲಿನ ಕನ್ನಡಿಗ ಪೋಷಕರಿಗಾಗಿ ಕೋರ್ಸಿನ ನಿಯಮಗಳನ್ನೂ ಅಂಕ ನೀಡುವ ಕ್ರಮವನ್ನೂ ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಎಪಿ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡ್ ರೂಪಿಸಿರುವ ಅಳತೆಗೋಲು ಹದಿನೈದು ವರ್ಷದ ವಿದ್ಯಾರ್ಥಿಗೆ ಇತಿಹಾಸವೆಂದರೆ ಏನೆಂಬುದನ್ನು ನಿಜವಾಗಿ ಕಲಿಸುತ್ತದೆ. ಆದರೆ ಅದರ ಮೇಲೆ ಶಾಲೆ ಹೇರುವ ತನ್ನದೇ ಅಂಕಪದ್ಧತಿಯು ಆ ಕಲಿಕೆಯನ್ನು ಎಲ್ಲ ಕಡೆಯೂ ಬೆಂಬಲಿಸುವುದಿಲ್ಲ.

ಪರೀಕ್ಷೆಯ ಸ್ವರೂಪ ಹೀಗಿದೆ. ಮೂರು ಗಂಟೆ ಹದಿನೈದು ನಿಮಿಷಗಳಲ್ಲಿ 55 ಬಹು ಆಯ್ಕೆಯ ಪ್ರಶ್ನೆಗಳು ಶೇ. 40ರಷ್ಟು, ಮೂರು ಕಿರು ಉತ್ತರಗಳು ಶೇ. 20ರಷ್ಟು, ಆಕರಗಳನ್ನು ಆಧರಿಸಿದ ಪ್ರಬಂಧ, ಅಂದರೆ ಎಲ್ಲರೂ ಡಿಬಿಕ್ಯೂ ಎಂದು ಕರೆಯುವುದು, ಶೇ. 25ರಷ್ಟು ಮತ್ತು ಆಕರಗಳಿಲ್ಲದೆ ಬರೆಯುವ ದೀರ್ಘ ಪ್ರಬಂಧ ಶೇ. 15ರಷ್ಟು ತೂಕ ಪಡೆಯುತ್ತವೆ. ಫಲಿತಾಂಶವನ್ನು 1ರಿಂದ 5ರವರೆಗಿನ ಶ್ರೇಣಿಯಲ್ಲಿ ಕೊಡುತ್ತಾರೆ; 5 ಅತ್ಯುತ್ತಮ. ಪಠ್ಯವು ಸುಮಾರು ಕ್ರಿ.ಶ. 1200ರಿಂದ ಇಂದಿನವರೆಗಿನ ಜಗತ್ತನ್ನು ಒಂಬತ್ತು ಘಟಕಗಳಲ್ಲಿ ಹಂಚಿಕೊಂಡಿದ್ದು, ಮೂರರಿಂದ ಆರರವರೆಗಿನ ಘಟಕಗಳಿಗೆ ಉಳಿದವುಗಳಿಗಿಂತ ಹೆಚ್ಚಿನ ತೂಕವಿದೆ.

ಇವೆಲ್ಲವುಗಳಲ್ಲಿ ಪೋಷಕರು ಕುಳಿತು ಓದಲೇಬೇಕಾದದ್ದು ಡಿಬಿಕ್ಯೂ ರೂಬ್ರಿಕ್, ಅಂದರೆ ಯಾವುದಕ್ಕೆ ಎಷ್ಟು ಅಂಕವೆಂದು ಹೇಳುವ ಅಳತೆಗೋಲು. ಏಳು ಆಕರಗಳನ್ನು ಮುಂದಿಟ್ಟು, ಒಂದು ಪ್ರಶ್ನೆ ಕೇಳಿ, ಓದಲು ಹದಿನೈದು ನಿಮಿಷವೂ ಸೇರಿದಂತೆ ಒಂದು ಗಂಟೆ ಕೊಡುತ್ತಾರೆ. ಒಟ್ಟು ಏಳು ಅಂಕಗಳು. ಸಮರ್ಥಿಸಿಕೊಳ್ಳಬಹುದಾದ ಒಂದು ವಾದವನ್ನು ಮಂಡಿಸಿದರೆ ಒಂದು, ಆ ಕಾಲದ ವಿಶಾಲ ಹಿನ್ನೆಲೆಯನ್ನು ವಿವರಿಸಿದರೆ ಒಂದು, ಆಕರಗಳನ್ನು ವಾದಕ್ಕೆ ಪುರಾವೆಯಾಗಿ ಬಳಸಿದರೆ ಎರಡು, ಕೊಟ್ಟ ಆಕರಗಳ ಹೊರಗಿನ ಒಂದು ಸಂಗತಿಯನ್ನು ವಾದಕ್ಕೆ ಜೋಡಿಸಿದರೆ ಒಂದು, ಕನಿಷ್ಠ ಎರಡು ಆಕರಗಳ ವಿಷಯದಲ್ಲಿ ಅವುಗಳನ್ನು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ ಬರೆದರು ಎಂಬುದು ವಾದಕ್ಕೆ ಏಕೆ ಮುಖ್ಯವೆಂದು ತೋರಿಸಿದರೆ ಒಂದು, ವಿಷಯದ ಸಂಕೀರ್ಣತೆಯನ್ನು ಗ್ರಹಿಸಿದ್ದರೆ ಕೊನೆಯದೊಂದು. ಪ್ರತಿಯೊಂದು ಅಂಕವೂ ಸ್ವತಂತ್ರವಾದುದರಿಂದ ಒಂದು ಕಡೆ ಎಡವಿದ ವಿದ್ಯಾರ್ಥಿ ಮತ್ತೊಂದು ಕಡೆ ಗಳಿಸಿಕೊಳ್ಳಬಹುದು. ಇದು ಅವಸರದಲ್ಲಿ ಬರೆದ ಮೊದಲ ಕರಡು ಎಂಬುದನ್ನು ಮೌಲ್ಯಮಾಪಕರು ಗಮನದಲ್ಲಿಟ್ಟುಕೊಳ್ಳುವುದರಿಂದ, ವಾದವನ್ನು ಕೆಡಿಸದ ಸಣ್ಣಪುಟ್ಟ ತಪ್ಪುಗಳಿಗೆ ಅಂಕ ಕಳೆಯುವುದಿಲ್ಲ.

ಆಕರವನ್ನು ಪ್ರಶ್ನಿಸುವ ಆ ಒಂದು ಅಂಕವೇ ನನ್ನ ಪಾಲಿಗೆ ಈ ಕೋರ್ಸಿನ ಜೀವಾಳ. ಮೊದಲ ಘಟಕದಲ್ಲಿ ದಕ್ಷಿಣ ಏಷ್ಯಾದ ಉದಾಹರಣೆಗಳಾಗಿ ಸೂಚಿಸಿರುವ ರಾಜ್ಯಗಳಲ್ಲಿ ವಿಜಯನಗರವೂ ಇರುವುದರಿಂದ ನಮ್ಮ ಮಕ್ಕಳಿಗೆ ಇದನ್ನು ಅಭ್ಯಾಸ ಮಾಡಿಸಲು ಮನೆಯಲ್ಲೇ ಸಾಮಗ್ರಿ ಸಿಗುತ್ತದೆ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ಬಂದ ಅಬ್ದುರ್ ರಜಾಕ್ ತೈಮೂರಿ ದೊರೆ ಶಾಹ್‌ರುಖ್‌ನ ರಾಯಭಾರಿ. ಸುಮಾರು 1520ರ ಹೊತ್ತಿಗೆ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡು ಬರೆದ ಡೊಮಿಂಗೊ ಪಾಯೆಸ್ ಪೋರ್ಚುಗೀಸ್ ಪ್ರವಾಸಿ. ಅಚ್ಯುತರಾಯನ ಕಾಲದ ಫೆರ್ನಾವ್ ನೂನಿಜ್ ಕುದುರೆ ವ್ಯಾಪಾರಿ. ಮೂವರೂ ರಾಜಧಾನಿಯ ವೈಭವವನ್ನು ಬಣ್ಣಿಸುತ್ತಾರೆ ಎಂದು ಬರೆದು ಸುಮ್ಮನಾದರೆ ಈ ಅಂಕ ಸಿಗುವುದಿಲ್ಲ. ರಾಜನು ಕುದುರೆಗಳಿಗಾಗಿ ಮಾಡುತ್ತಿದ್ದ ವೆಚ್ಚವನ್ನು ಕುದುರೆ ವ್ಯಾಪಾರಿಯೊಬ್ಬ ಬರೆಯುವಾಗ ಅವನ ಕಸುಬು ಆ ಬರಹಕ್ಕೆ ಎಷ್ಟು ನಿಖರತೆಯನ್ನು ತಂದಿರಬಹುದು, ಎಷ್ಟು ಪಕ್ಷಪಾತವನ್ನು ತಂದಿರಬಹುದು, ಅದರಿಂದ ಸಮುದ್ರ ವ್ಯಾಪಾರ ಮತ್ತು ವಿಜಯನಗರದ ಸೈನ್ಯಬಲದ ಸಂಬಂಧದ ಬಗ್ಗೆ ಏನನ್ನು ನಂಬಬಹುದು ಎಂದು ಕೇಳಿಕೊಂಡಾಗಲೇ ಅದು ದಕ್ಕುವುದು. ಹಂಪಿಯ ಚಿತ್ರಗಳನ್ನು ಮಾತ್ರ ನೋಡಿ ಬೆಳೆದ ನನ್ನ ಮಗಳು ನಮ್ಮದೇ ನಾಡಿನ ಬಗ್ಗೆ ಇಂಥ ಪ್ರಶ್ನೆ ಕೇಳತೊಡಗಿದ್ದು ನನಗೆ ಅತ್ಯಂತ ಸಂತೋಷದ ಸಂಗತಿ.

ಕರ್ನಾಟಕದಲ್ಲಿ ಓದಿದ ನಮಗೂ ಅಂಕವಿಂಗಡಣೆ ಅಪರಿಚಿತವಲ್ಲ. ಕಾರಣಗಳನ್ನು ಅಂಶಗಳಾಗಿ ಪಟ್ಟಿ ಮಾಡಿ ಒಂದೊಂದು ಅಂಶಕ್ಕೆ ಅಂಕ ಪಡೆಯುವ ಶಿಸ್ತಿನಲ್ಲೇ ನಾವು ಬೆಳೆದವರು, ಮತ್ತು ಆ ಶಿಸ್ತು ನನಗೆ ಕಾಲಾನುಕ್ರಮವನ್ನೂ ಸಂಗತಿಗಳನ್ನೂ ಗಟ್ಟಿಯಾಗಿ ಕೊಟ್ಟಿತು ಎಂಬ ಕೃತಜ್ಞತೆ ನನಗಿದೆ. ವ್ಯತ್ಯಾಸವಿರುವುದು ಮಾದರಿ ಉತ್ತರದಲ್ಲಿ. ಅಲ್ಲಿ ಪರೀಕ್ಷೆ ಮುಗಿದ ಮೇಲೆ ಪ್ರಕಟವಾಗುವ ಮಾದರಿಯು ಯಾವ ಸಂಗತಿಗಳು ಇರಬೇಕೆಂದು ಹೇಳುತ್ತದೆ. ಇಲ್ಲಿ ವರ್ಷದ ಆರಂಭದಲ್ಲೇ ಕೈಗೆ ಸಿಗುವ ರೂಬ್ರಿಕ್ ಸಂಗತಿಗಳಿಂದ ಏನನ್ನು ಕಟ್ಟಬೇಕೆಂದು ಹೇಳುತ್ತದೆ. ಮನೆಯಲ್ಲಿ ನೆರವು ನೀಡುವ ಪೋಷಕರು ಇದನ್ನು ಮೊದಲು ಅರ್ಥಮಾಡಿಕೊಂಡರೆ, ಎಲ್ಲವನ್ನೂ ಬಾಯಿಪಾಠ ಮಾಡೆಂದು ಒತ್ತಾಯಿಸುವ ಅಗತ್ಯ ಬಹಳಷ್ಟು ಕಡಿಮೆಯಾಗುತ್ತದೆ.

ಆದರೂ ಈ ರೂಬ್ರಿಕ್ ಬಗ್ಗೆ ನನಗೊಂದು ಗಂಭೀರವಾದ ಆಕ್ಷೇಪವಿದೆ. 2023ರ ಶರತ್ಕಾಲದಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಹಿಂದೆ ಆರು ಆಕರಗಳನ್ನು ಬಳಸಬೇಕಿದ್ದ ಕಡೆ ನಾಲ್ಕು ಸಾಕೆಂದೂ, ಮೂರು ಆಕರಗಳನ್ನು ವಿಮರ್ಶಿಸಬೇಕಿದ್ದ ಕಡೆ ಎರಡು ಸಾಕೆಂದೂ ಸಡಿಲಿಸಿದರು. ಒಂದು ಗಂಟೆಯ ಬರವಣಿಗೆಗೆ ಅದು ನ್ಯಾಯವಾದ ಸಡಿಲಿಕೆ. ಆದರೆ ಸಂಕೀರ್ಣತೆಯ ಅಂಕವನ್ನು ಏಳೂ ಆಕರಗಳನ್ನು ಪರಿಣಾಮಕಾರಿಯಾಗಿ ಬಳಸಿದರೆ ಅಥವಾ ನಾಲ್ಕು ಆಕರಗಳನ್ನು ವಿಮರ್ಶಿಸಿದರೆ ಪಡೆಯಬಹುದು ಎಂದು ಮಾಡಿದ್ದರಿಂದ, ಭಿನ್ನ ದೃಷ್ಟಿಗಳನ್ನು ತೂಗಿ ನೋಡುವ ಕಷ್ಟದ ಕೆಲಸವು ಎಣಿಕೆಯ ಕೆಲಸವಾಗುವ ಅಪಾಯ ಹುಟ್ಟಿದೆ, ಮತ್ತು ಮಕ್ಕಳು ಈ ದಾರಿಯನ್ನು ಬಹಳ ಬೇಗ ಕಂಡುಕೊಳ್ಳುತ್ತಾರೆ.

ಇನ್ನು ಶಾಲೆಯ ನಿಯಮಗಳು. ಮೊದಲ ವಾರದಲ್ಲಿ ಪೋಷಕರ ಸಹಿಗಾಗಿ ಬಂದ ಪತ್ರದಲ್ಲಿ ಬಾಗಿಲ ಬಳಿಯ ಚೀಲದಲ್ಲಿ ಫೋನ್ ಇಡಬೇಕು, ಓದಿನ ಟಿಪ್ಪಣಿಗಳನ್ನು ಕೈಯಲ್ಲೇ ಬರೆಯಬೇಕು, ತಡವಾಗಿ ಕೊಟ್ಟ ಕೆಲಸಕ್ಕೆ ದಿನಕ್ಕೆ ಶೇ. 10ರಷ್ಟು ಕಡಿತ, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರಬಂಧಕ್ಕೆ ಸೊನ್ನೆ ಎಂದಿತ್ತು. ಕೈಬರಹದ ಟಿಪ್ಪಣಿಯ ನಿಯಮವನ್ನು ಮಕ್ಕಳು ಗೊಣಗುತ್ತಲೇ ಪಾಲಿಸಿದರೂ ಅದರ ಫಲ ವಸಂತದ ವೇಳೆಗೆ ಸ್ಪಷ್ಟವಾಗಿ ಕಾಣಿಸಿತು. ಎಲ್ಲಕ್ಕಿಂತ ಉತ್ತಮವಾದದ್ದು ಪ್ರಬಂಧವನ್ನು ತಿದ್ದಿ ಮರಳಿ ಕೊಡುವ ಅವಕಾಶ: ರೂಬ್ರಿಕ್‌ನ ಯಾವ ಅಂಕ ಏಕೆ ತಪ್ಪಿತೆಂದು ವಿದ್ಯಾರ್ಥಿಯೇ ಬರೆದು, ಆ ಭಾಗವನ್ನು ಮಾತ್ರ ಹೊಸದಾಗಿ ರಚಿಸಿದರೆ ಕಳೆದುಕೊಂಡ ಅಂಕದಲ್ಲಿ ಅರ್ಧ ಹಿಂತಿರುಗುತ್ತಿತ್ತು. ನನ್ನ ಮಗಳು ಐತಿಹಾಸಿಕ ಹಿನ್ನೆಲೆಯನ್ನು ಬರೆಯಲು ಕಲಿತದ್ದು ಪಾಠದಿಂದಲ್ಲ, ಈ ತಿದ್ದುಪಡಿಯಿಂದ.

ನನಗೆ ಒಪ್ಪಿಗೆಯಾಗದಿರುವುದು ಚರ್ಚೆಯಲ್ಲಿ ಮಾತಾಡಿದ್ದಕ್ಕೆ ಕೊಡುವ ಅಂಕ. ಎಷ್ಟು ಸಲ ಮಾತಾಡಿದರು ಎಂಬುದನ್ನು ಎಣಿಸುತ್ತಿದ್ದ ಆ ಪದ್ಧತಿಯಲ್ಲಿ, ಆಕರವನ್ನು ಆಳವಾಗಿ ಓದಿ ಒಂದೇ ಒಂದು ಸರಿಯಾದ ಪ್ರಶ್ನೆ ಕೇಳಿದ ಮಗುವಿಗಿಂತ ಮತ್ತೊಬ್ಬರ ಮಾತನ್ನೇ ಬೇರೆ ರೀತಿಯಲ್ಲಿ ಹೇಳಿದವರಿಗೆ ಹೆಚ್ಚು ಸಿಗುತ್ತಿತ್ತು. ಹಾಗೆಯೇ, ಮನೆಗೆಲಸ ಮುಗಿಸಿದ್ದಕ್ಕೇ ದೊಡ್ಡ ಪಾಲು ಮೀಸಲಿದ್ದುದರಿಂದ ತರಗತಿಯಲ್ಲಿ ‘ಎ’ ಪಡೆದ ಮಕ್ಕಳು ಪರೀಕ್ಷೆಯಲ್ಲಿ 3ನ್ನು ಕಂಡು ಕಂಗಾಲಾದದ್ದೂ ಉಂಟು. ಶಾಲೆಯ ಗ್ರೇಡು ಮತ್ತು ಮೇ ತಿಂಗಳ ಪರೀಕ್ಷೆಯ ಅಂಕ ಎರಡು ಬೇರೆ ಲೆಕ್ಕಗಳು ಎಂಬುದನ್ನು ಪೋಷಕರ ಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕಿತ್ತು.

2025ರಿಂದ ಈ ಪರೀಕ್ಷೆ ಬ್ಲೂಬುಕ್ ಎಂಬ ತಂತ್ರಾಂಶದಲ್ಲಿ ನಡೆಯುತ್ತಿದ್ದು, ಪ್ರಬಂಧಗಳನ್ನು ಟೈಪ್ ಮಾಡಬೇಕು. ಆದ್ದರಿಂದ ಟಿಪ್ಪಣಿ ಕೈಬರಹದಲ್ಲೇ ಇರಲಿ, ಆದರೆ ಫೆಬ್ರವರಿಯ ನಂತರದ ಅಭ್ಯಾಸ ಪ್ರಬಂಧಗಳನ್ನು ಪರದೆಯ ಮೇಲೆ, ಗಡಿಯಾರ ಇಟ್ಟುಕೊಂಡು ಬರೆಯಿಸುವಂತೆ ಶಿಕ್ಷಕರನ್ನು ಕೇಳಿಕೊಳ್ಳುವುದು ಒಳ್ಳೆಯದು. ಓದುವುದನ್ನು ಇಷ್ಟಪಡುವ, ವಾರಕ್ಕೆ ಕೆಲವು ಗಂಟೆಗಳನ್ನು ಮೀಸಲಿಡಬಲ್ಲ ವಿದ್ಯಾರ್ಥಿಗೆ ಈ ಕೋರ್ಸನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕೇವಲ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಏರಿಸಲು ಸೇರುವವರಿಗೆ ಶಿಫಾರಸು ಮಾಡಲಾರೆ. ಸೇರುವ ಮೊದಲು ಶಾಲೆಯಿಂದ ಎರಡು ಕಾಗದಗಳನ್ನು ಕೇಳಿ ಪಡೆಯಿರಿ: ತರಗತಿಯ ಅಂಕಗಳ ಹಂಚಿಕೆ ಮತ್ತು ಪ್ರಬಂಧ ತಿದ್ದುಪಡಿಯ ನಿಯಮ. ಎರಡನೆಯದು ಇಲ್ಲದ ಶಾಲೆಯಲ್ಲಿ ಆ ಕೆಲಸವನ್ನು ಮನೆಯಲ್ಲಿ ನೀವೇ ಮಾಡಿಸಬೇಕಾಗುತ್ತದೆ.