ಟೆಕ್ಕಾ ಸೆಂಟರ್‌ನ ಕೋಪಿ

ಸಿಂಗಪುರಕ್ಕೆ ಹೊಸದಾಗಿ ಬಂದ ಕನ್ನಡದವರು ಯಾರೇ ಸಿಕ್ಕರೂ ನಾನು ಮೊದಲು ಹೇಳುವುದು ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್ ಹೆಸರು. ಎಂಆರ್‌ಟಿ (ಇಲ್ಲಿನ ಮೆಟ್ರೋ ರೈಲು) ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಕೆಳಗಡೆ ತರಕಾರಿ, ಮೀನು, ಮಾಂಸದ ಮಾರ್ಕೆಟ್ಟು. ಅದಕ್ಕೆ ಅಂಟಿಕೊಂಡೇ ತಿಂಡಿ ಅಂಗಡಿಗಳ ಸಾಲು.

ನಾವು ಸಕಲೇಶಪುರದ ಕಡೆಯವರು, ಮನೆ ಸುತ್ತ ಕಾಫಿ ತೋಟ. ಬಂದ ಮೊದಲ ವಾರ ನಮ್ಮ ಬ್ಲಾಕಿನ ಕೆಳಗಿನ ಅಂಗಡಿಯಲ್ಲಿ ಸುಮ್ನೆ 'ಕಾಫಿ' ಅಂದೆ. ಕಂಡೆನ್ಸ್ಡ್ ಹಾಲು ಸುರಿದ ಸಿಹಿ ಸಿಹಿ ಲೋಟ ಬಂತು. ಎರಡು ಗುಟುಕು ಕುಡಿದು ಇಟ್ಟೆ. ಅವತ್ತು ಊರು ನೆನಪಾಗಿ ಅಳು ಬಂದಿತ್ತು.

ಇಲ್ಲಿ ಕಾಫಿಗೆ 'ಕೋಪಿ' ಅನ್ನುತ್ತಾರೆ. ಅದನ್ನು ಕೇಳುವ ರೀತಿ ಕಲಿಸಿದ್ದು ಟೆಕ್ಕಾದಲ್ಲಿ ಕೋಪಿ ಮಾಡುವ ಅಂಕಲ್. ಇಲ್ಲಿ ವಯಸ್ಸಾದವರೆಲ್ಲ ಅಂಕಲ್, ಆಂಟಿ. ಬರೀ 'ಕೋಪಿ' ಅಂದರೆ ಕಂಡೆನ್ಸ್ಡ್ ಹಾಲು ಹಾಕಿಯೇ ಕೊಡುತ್ತಾರೆ. 'ಕೋಪಿ ಓ' ಅಂದರೆ ಹಾಲಿಲ್ಲ, ಸಕ್ಕರೆ ಮಾತ್ರ. 'ಕೋಪಿ ಸಿ' ಅಂದರೆ ಎವಾಪೊರೇಟೆಡ್ ಹಾಲು (ಸಿಹಿ ಹಾಕದ ಗಟ್ಟಿ ಹಾಲು) ಮತ್ತು ಸಕ್ಕರೆ. 'ಸಿವ್ ದಾಯ್' ಸೇರಿಸಿದರೆ ಸಿಹಿ ಕಡಿಮೆ, 'ಕೊಸೊಂಗ್' ಅಂದರೆ ಸಕ್ಕರೆಯೇ ಬೇಡ, 'ಗಾವ್' ಅಂದರೆ ಸ್ಟ್ರಾಂಗ್. ನನ್ನದು ಕೋಪಿ ಸಿ ಗಾವ್ ಸಿವ್ ದಾಯ್. ಬೆಲೆ ಒಂದೂವರೆ ಡಾಲರ್ ಆಸುಪಾಸು.

ಅಂಕಲ್ ಡಿಕಾಕ್ಷನ್ ಇಳಿಸುವುದು ಉದ್ದನೆಯ ಬಟ್ಟೆ ಚೀಲದಲ್ಲಿ. ಉದ್ದ ಮೂತಿಯ ಜಗ್ಗಿನಿಂದ ಕುದಿಯುವ ನೀರು ಸುರಿದು, ಎತ್ತಿ, ಮತ್ತೆ ಸುರಿಯುತ್ತಾರೆ. ಬಟ್ಟೆ ಕರ್ರಗಾಗಿದೆ. ನಮ್ಮಜ್ಜಿಯೂ ಬಟ್ಟೆಯಲ್ಲೇ ಸೋಸಿ, ಅದನ್ನು ಒಲೆ ಪಕ್ಕದ ಮೊಳೆಗೆ ನೇತು ಹಾಕುತ್ತಿದ್ದರು.

ಹೋದ ವರ್ಷ ಅಪ್ಪ ಬಂದಾಗ ಕರೆದುಕೊಂಡು ಹೋದೆ. ಲೋಟ ಮೂಗಿನ ಹತ್ತಿರ ತಂದ ಕೂಡಲೇ, "ರೊಬಸ್ಟಾ ಬೀಜ ಅಲ್ವಾ? ಸಕ್ಕರೆ ಹಾಕಿ ಹುರಿದಿದ್ದಾರೆ ಕಣಮ್ಮ" ಅಂದರು. ಅದನ್ನು ಅಂಕಲ್‌ಗೆ ಹೇಳಿದೆ. ಹೌದು, ಹುರಿಯುವಾಗ ಜೊತೆಗೆ ಬೆಣ್ಣೆಯಂಥ ಮಾರ್ಗರೀನೂ ಹಾಕುತ್ತಾರೆ ಅಂದರು. ಅದಕ್ಕೇ ಆ ಹುರಿದ ಸಕ್ಕರೆಯ ರುಚಿ. ಫಿಲ್ಟರ್ ಕಾಫಿ ಅಂದುಕೊಂಡು ಕುಡಿದರೆ ಬೇಜಾರಾಗುತ್ತದೆ. ಬೇರೆಯದೇ ಅಂದುಕೊಂಡು ಕುಡಿಯಿರಿ, ತುಂಬಾ ಚೆನ್ನಾಗಿದೆ. ಅಪ್ಪ ಇದ್ದಷ್ಟು ದಿನವೂ ಬೆಳಿಗ್ಗೆ ಅಲ್ಲಿಗೇ ಹೋಗೋಣ ಅನ್ನುತ್ತಿದ್ದರು.

ಎಸಿ ಇಲ್ಲ, ಫ್ಯಾನಿದ್ದರೂ ಸೆಕೆ ಜಾಸ್ತಿ. ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟಿದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಎಂದರ್ಥ, ಕೂರಬೇಡಿ. ಕುಡಿದ ಲೋಟ, ಟ್ರೇ ನಾವೇ ಎತ್ತಿಡಬೇಕು. 2021ರಿಂದ ಅದು ಕಡ್ಡಾಯ.

ವಾರದ ದಿನ ಬೆಳಿಗ್ಗೆ ಎಂಟಕ್ಕೆ ಹೋಗಿ. ಕೋಪಿ ಮುಗಿಸಿ, ಆಮೇಲೆ ಮಾರ್ಕೆಟ್ಟಿನಲ್ಲಿ ಕಾಯಿತುರಿ ತೆಗೆದುಕೊಳ್ಳಿ. ಮೊದಲೇ ತಗೊಂಡರೆ ಈ ಸೆಕೆಗೆ ಬೇಗ ಹಳಸುತ್ತದೆ.